ಹಳೇ ಗಾಡಿಗೆ ಹೊಸ ರಬ್ಬರು

ಮಾರ್ಚ್ ೪, ಸೋಮವಾರ

ಇವತ್ತೂ ಅದೇ ನಡುಕ. ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಗಾಡಿ ಹತ್ತಿ ಕೂತು ಸ್ಟಾರ್ಟ್ ಮಾಡಿದರೆ ಸಾಕು, ಅಡುಗೆಮನೆಯ ತಟ್ಟೆ ಲೋಟಗಳೆಲ್ಲ ಕುಣಿಯುತ್ತವೆ. ಹುಲ್ಲು ಕತ್ತರಿಸಿ ಬಂದ ನನ್ನ ಕೈ ಊಟದ ಹೊತ್ತಿಗೂ ಜುಮುಗುಡುತ್ತಿತ್ತು. ಕೆಳಗೆ ಮಲಗಿ ನೋಡಿದೆ. ಇಂಜಿನ್ ಕೂರುವ ನಾಲ್ಕೂ ಮೌಂಟಿಂಗ್ ರಬ್ಬರು ಸವೆದು ಪುಡಿ. ಇಂಜಿನ್ನಿನ ಕಬ್ಬಿಣ ನೇರವಾಗಿ ಚಾಸಿಯ, ಅಂದರೆ ಗಾಡಿಯ ಚೌಕಟ್ಟಿನ, ಕಬ್ಬಿಣವನ್ನು ಉಜ್ಜುತ್ತಿದೆ.

ಷಡ್ಡಕ ಬಂದ. ಸೊಂಟದ ಮೇಲೆ ಕೈ ಬೇರೆ. "ಗುಜರಿಗೆ ಹಾಕೋಣ ಭಾವ. ಎಷ್ಟ್ ದಿನ ಅಂತ ಈ ಮುದುಕನ್ನ ಎಳೀತೀರಾ?" ಪಕ್ಕದಲ್ಲೇ ಕುಂಡಗಳಿಗೆ ಮಣ್ಣು ತುಂಬುತ್ತಿದ್ದ ಮಾವ, ಯಾರಿಗಂದದ್ದು ಅಂತ ತಲೆಯೆತ್ತಿ ನೋಡಿದರು. ಅವನಿಗೆ ಪರಿವೆಯೇ ಇಲ್ಲ. ನಾದಿನಿಯನ್ನು ಕಟ್ಟಿಕೊಂಡು ನಿನ್ನೆ ಮೊನ್ನೆ ಈ ನರ್ಸರಿಗೆ ಕಾಲಿಟ್ಟವ. ಬಾಯಿ ಮಾತ್ರ ಯಜಮಾನನದು.

ರಬ್ಬರು ಬದಲಾಯಿಸಿದರೆ ಇನ್ನೂ ಹತ್ತು ವರ್ಷ ಓಡುತ್ತದೆ ಅಂದೆ. ಮಾವ ಕೈ ಕೊಡವಿಕೊಂಡು ಎದ್ದರು. "ನಂಗೂ ಸಾಕಾಗಿದೆ. ಯಾರಾದ್ರೂ ಒಬ್ರು ನೋಡ್ಕೊಳ್ಳಿ. ಭಾನುವಾರದೊಳಗೆ ಗಾಡಿ ನೆಟ್ಟಗಾದ್ರೆ ನರ್ಸರಿ ಉಸ್ತುವಾರಿ ನಿಮ್ದು ಅಳಿಯಂದ್ರೇ. ಆಗ್ಲಿಲ್ಲ ಅಂದ್ರೆ ಗಾಡಿ ಗುಜರಿಗೆ, ಉಸ್ತುವಾರಿ ಅವನಿಗೆ."

ಆಯಿತು. ತೋರಿಸುತ್ತೇನೆ.

ಮಾರ್ಚ್ ೭, ಗುರುವಾರ

ಮೈಯೆಲ್ಲ ಗ್ರೀಸು. ಇಂಜಿನ್ನಿನ ಅಡಿಗೆ ಹಲಗೆ ಕೊಟ್ಟು ಜಾಕ್ ಹಾಕಿ ಎತ್ತಿದೆ. ಬೋಲ್ಟುಗಳು ತುಕ್ಕು ಹಿಡಿದು ಕಲ್ಲು. ಒಂದನ್ನಂತೂ ಕತ್ತರಿಸಿಯೇ ತೆಗೆಯಬೇಕಾಯಿತು. ಹಳೇ ರಬ್ಬರು ಬೆರಳಲ್ಲಿ ಹಿಡಿದರೆ ಉದುರುತ್ತಿತ್ತು. ಹೊಸದು ದಪ್ಪಗೆ, ಗಟ್ಟಿಯಾಗಿ, ನೋಡಿದರೆ ಖುಷಿ.

ಆ ಖುಷಿ ಹಾಳು ಮಾಡಲಿಕ್ಕೆ ಷಡ್ಡಕ ಹಾಜರು. "ಟಾರ್ಚ್ ಹಿಡೀಲಾ ಭಾವ?"

"ಬೇಡ. ನಿನ್ನ ಮುಖವೇ ಸಾಕಷ್ಟು ಹೊಳೀತಿದೆ."

ನಕ್ಕ! ನಾಚಿಕೆಯಾದರೂ ಇರಬಾರದೇ... "ಬ್ಯಾಟರಿನಾದ್ರೂ ಚಾರ್ಜ್ ಮಾಡಿ ತರ್ತೀನಿ" ಅಂತ ಬಿಚ್ಚಿಕೊಂಡು ಹೋದ. ಬೇಡ ಅನ್ನಬೇಕಿತ್ತು. ಸ್ಪ್ಯಾನರ್ ಬಾಯಲ್ಲಿ ಕಚ್ಚಿಕೊಂಡಿದ್ದೆ, ಅನ್ನಲಾಗಲಿಲ್ಲ.

ಮಾರ್ಚ್ ೧೦, ಭಾನುವಾರ — ಮಧ್ಯಾಹ್ನ

ಸಿಟ್ಟು ಇನ್ನೂ ಇಳಿದಿಲ್ಲ. ಗಾಡಿಯ ಮೇಲಲ್ಲ.

ಎಲ್ಲರೂ ಶೆಡ್ಡಿನ ಮುಂದೆ. ಮಾವ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಷಡ್ಡಕನೇ ತಂದ ಬ್ಯಾಟರಿ, ಅವನೇ ಕೂರಿಸಿದ. ಕೀಲಿ ತಿರುಗಿಸಿದೆ. ಸೆಲ್ಫ್ ತೆಗೆದುಕೊಳ್ಳಲಿಲ್ಲ. ಟಿಕ್ ಅನ್ನುವ ಸದ್ದೂ ಇಲ್ಲ. ಮತ್ತೆ ತಿರುಗಿಸಿದೆ. ಹೆಣ.

ತಲೆಗೆ ರಕ್ತ ಏರಿತು. "ಬ್ಯಾಟರಿಗೆ ಏನ್ ಮಾಡ್ದೆ ಹೇಳು" ಅಂದೆ.

"ಚಾರ್ಜ್ ಮಾಡ್ದೆ ಭಾವ. ಇನ್ನೇನು ಮಾಡ್ಲಿ?"

"ನಾನು ಸೋಲ್ಲಿ ಅಂತ ಹಾಳು ಮಾಡಿ ತಂದಿದ್ದೀಯ. ಉಂಡ ಮನೆಗೇ ಎರಡು ಬಗೆದೆಯಲ್ಲೋ!"

ಅವನ ಮುಖ ಸಪ್ಪಗಾಯಿತು. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು, ಎರಡು ಬಾರಿಸುತ್ತಿದ್ದೆ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡ, ನಿಧಾನವಾಗಿ. ನಾದಿನಿ ಅಳುತ್ತಲೇ ಬ್ಯಾಗು ತುಂಬಿದಳು. ಹೊರಟೇಬಿಟ್ಟರು.

ಮಾವ ನನ್ನನ್ನೇ ನೋಡಿದರು. "ನಿಜಾನಾ?"

"ಮತ್ತಿನ್ನೇನು?" ಅಂದೆ.

"ಹಾಗಾದ್ರೆ ಅವನು ಇನ್ನು ಈ ಗೇಟು ದಾಟೋದು ಬೇಡ" ಅಂದರು. ಕೀಲಿಗೊಂಚಲು ನನ್ನ ಕೈಗೆ ಬಂತು. ಇವಳು ಮಾತ್ರ ನನ್ನ ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದ ಸದ್ದಿಗೆ ಬೆಕ್ಕು ಓಡಿತು. ತಂಗಿ ಅಂದರೆ ಪ್ರಾಣ. ಗಂಡ ಅಂದರೆ ಗೊತ್ತೇ ಇದೆಯಲ್ಲ.

ಮಾರ್ಚ್ ೧೫, ಶುಕ್ರವಾರ — ಸಂಜೆ

ಬರೆಯಲೋ ಬೇಡವೋ. ಯಾರು ಓದುತ್ತಾರೆ, ಬರೆಯುತ್ತೇನೆ.

ಬ್ಯಾಟರಿಯನ್ನು ಅಂಗಡಿಗೆ ಒಯ್ದಿದ್ದೆ. ಅವನ ಬಂಡವಾಳ ಬಯಲಾಗಲಿ ಅಂತ. ಅಂಗಡಿಯವನು ಮೀಟರ್ ಹಿಡಿದು, "ಗಟ್ಟಿಮುಟ್ಟಾಗಿದೆ ಸಾರ್, ಯಾಕೆ ತಂದ್ರಿ?" ಅಂದ. ಮೈ ಉರಿಯಿತು.

ವಾಪಸ್ ತಂದು ಕೂರಿಸಿದೆ. ಹೆಡ್‌ಲೈಟ್ ಹಾಕಿದೆ. ಕಣ್ಣು ಕುಕ್ಕುವಷ್ಟು ಬೆಳಕು. ಹಾಗಾದರೆ ಕರೆಂಟು ಚಾಸಿಯವರೆಗೆ ಬರುತ್ತಿದೆ, ಇಂಜಿನ್ನಿಗೆ ಹೋಗುತ್ತಿಲ್ಲ. ಕೆಳಗೆ ತೂರಿ ನೋಡಿದೆ. ಇಂಜಿನ್ನಿನಿಂದ ಚಾಸಿಗೆ ಬರಬೇಕಾದ ಅರ್ಥಿಂಗ್ ವೈರು ತುಕ್ಕು ತಿಂದು ತುಂಡಾಗಿ, ಧೂಳಿನಲ್ಲಿ ನೇತಾಡುತ್ತಿದೆ. ಯಾವ ಕಾಲದ್ದೋ. ಇಷ್ಟು ದಿನ ಹೇಗೆ ಓಡಿತು ಅಂದರೆ, ಸವೆದ ರಬ್ಬರಿನ ದೆಸೆಯಿಂದ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಉಜ್ಜುತ್ತಿದ್ದಲ್ಲೇ ಕರೆಂಟಿಗೆ ದಾರಿ. ನಾನು ಹೊಸ ರಬ್ಬರು ಹಾಕಿ ಎರಡನ್ನೂ ದೂರ ಮಾಡಿದೆ. ದಾರಿ ಮುಚ್ಚಿದ್ದು ನಾನು. ಗಾಡಿ ಕೊಂದದ್ದು ನಾನು, ಅವನಲ್ಲ.

ದಪ್ಪ ವೈರಿನ ತುಂಡೊಂದನ್ನು ಎರಡೂ ಕಡೆ ಬೋಲ್ಟು ಹಾಕಿ ಬಿಗಿದೆ. ಕೀಲಿ ತಿರುಗಿಸಿದ್ದೇ ತಡ, ಹಿಡಿಯಿತು. ಅಬ್ಬಾ, ಎಂಥ ಓಟ! ಸೀಟು ಅಲುಗಲಿಲ್ಲ. ಅಡುಗೆಮನೆಯಲ್ಲಿ ಒಂದು ಲೋಟವೂ ಸದ್ದು ಮಾಡಲಿಲ್ಲ. ಮಾವ ಅಂಗಳದಲ್ಲಿ ಪೇಪರ್ ಓದುತ್ತಿದ್ದರು, ತಲೆ ಕೂಡ ಎತ್ತಲಿಲ್ಲ.

ಯಾರಿಗೂ ಕೇಳಿಸಲಿಲ್ಲ.

ಬಂದ್ ಮಾಡಿದೆ. ವೈರು ಬಿಚ್ಚಿದೆ. ಜೇಬಿಗೆ ಹಾಕಿಕೊಂಡೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು. ಇನ್ನೊಂದು ವಾರ ಬಿಟ್ಟು ಹೊಸ ಬ್ಯಾಟರಿ ತಂದೆ ಅಂದರಾಯಿತು. ಅವನು ಕೆಟ್ಟವನಾಗಿಯೇ ಇರಲಿ.

ತಿರುಗಿದರೆ ಬಾಗಿಲಲ್ಲಿ ಇವಳು. ಸೊಂಟದಲ್ಲಿ ಒಗೆಯುವ ಬಟ್ಟೆ.

"ಅದೇ ಬ್ಯಾಟರಿಲಿ ಓಡ್ತಿತ್ತಲ್ಲ. ಯಾಕೆ ಬಂದ್ ಮಾಡಿದ್ರಿ? ಏನದು ಜೇಬಲ್ಲಿ?"

ಜೇಬು ಮುಚ್ಚಿಕೊಂಡೆ. ಇವಳು ಬಟ್ಟೆ ಕೆಳಗಿಟ್ಟಳು. "ನಾಳೆ ಅವರು ಉಳಿದ ಸಾಮಾನು ಒಯ್ಯೋಕೆ ಬರ್ತಿದ್ದಾರೆ. ಅಪ್ಪನ ಮುಂದೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಮಾರ್ಚ್ ೧೬, ಶನಿವಾರ

ಬೆಳಗಿನಿಂದ ಈ ಕೋಣೆಯಲ್ಲೇ. ಹೇಳಿದರೆ ಕೀಲಿಗೊಂಚಲು ಹೋಗುತ್ತದೆ. ಆ ನಗುಮುಖದವನ ಕೆಳಗೆ ಕೆಲಸ ಮಾಡಬೇಕು. "ಪರವಾಗಿಲ್ಲ ಬಿಡಿ ಭಾವ" ಅನ್ನುತ್ತಾನೆ, ಖಂಡಿತ ಅನ್ನುತ್ತಾನೆ. ಅದನ್ನೇ ಸಹಿಸಲಾರೆ. ಅವನನ್ನು ಕಂಡರೆ ಇವತ್ತಿಗೂ ಆಗುವುದಿಲ್ಲ. ತಪ್ಪು ಅವನದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಗೇಟಿನ ಸದ್ದು. ನಾದಿನಿಯ ದನಿ... ಅವನ ಕೆಮ್ಮು. ಮಾವ ಗದರಿದರು, "ಅಲ್ಲೇ ನಿಲ್ಲು, ಒಳಗೆ ಬರ್ಬೇಡ." ಅವನು ನಿಂತ ಹಾಗಿದೆ. ಇವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಹೊರಟಳು. ಬಾಗಿಲಲ್ಲಿ ನಿಂತು ನನ್ನ ಕಡೆ ಒಮ್ಮೆ ನೋಡಿದಳು. "ಅಪ್ಪಾ" ಅಂದಳು.

ತಡಿ. ತಡಿಯೇ, ನಾನೇ—