ಗುಂಡಿ ತಿಂದ ಸೀರೆ

ಪೂಜ್ಯ ಅಕ್ಕೋರಿಗೆ, ಕಸದ ಗುಂಡಿಯ ಶರಣಪ್ಪ ಮಾಡುವ ನಮಸ್ಕಾರಗಳು.

ನೀವು ಹೋಗಿ ಒಂದು ವರ್ಷವಾಗುತ್ತ ಬಂತು. ನಿನ್ನೆ ನಾನು ಕಾಗದ, ಪೆನ್ನು ಹಿಡಿದು ಕೂತದ್ದನ್ನು ಕಂಡು ನನ್ನ ಹೆಂಡತಿ ಗಂಗಮ್ಮ, "ಯಾರಿಗ್ರಿ ಪತ್ರ?" ಎಂದಳು. ನಿಮಗೆ ಎಂದೆ. ಅವಳು, "ಬರದು ಗುಂಡಿಗೆ ಹಾಕ್ರಿ, ಅಕ್ಕೋರಿಗೆ ಮುಟ್ಟತೈತಿ," ಎಂದಳು. ಅರ್ಧ ಚೇಷ್ಟೆ, ಅರ್ಧ ನಿಜ. ಕಾಗದವೂ ಗಿಡದ ನಾರೇ ಅಲ್ಲವೆ? ಅದೂ ಗುಂಡಿಯೊಳಗಿನ ಪುಟ್ಟ ಜೀವಗಳ ಊಟವೇ ಎಂದು ಹೇಳಿಕೊಟ್ಟವರು ನೀವೇ.

ನಿಮ್ಮನ್ನು ಮೊದಲು ಕಂಡ ದಿನ ನೆನಪಾಗುತ್ತದೆ. ಅಪಾರ್ಟ್‌ಮೆಂಟಿನ ಹಿಂದಿನ ಗೋಡೆಯ ಬಳಿ ಒಣಗಿದ ಎಲೆಗಳನ್ನು ಗುಂಡಿಗೆ ಸುರಿಯುತ್ತ ಊರಿನ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ವಾಕಿಂಗ್ ಹೊರಟಿದ್ದ ನೀವು ಅಲ್ಲೇ ನಿಂತುಬಿಟ್ಟಿರಿ. ಹೈದರಾಬಾದಿನ ಕೊಂಡಾಪುರದಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರ ಕಾಲು ತಾನೇ ಮುಂದೆ ಹೋಗುತ್ತದೆ?

"ಯಾವೂರಪ್ಪಾ ನಿಂದು?"

"ಲಿಂಗಸೂಗೂರ ಕಡೆ ಹಳ್ಳಿ ರೀ."

"ಹಂಗಾದ್ರ ಸೀತನಿ ತಿಂದು ಬೆಳದಾಂವ ಅನ್ನು. ಬೆಂಕ್ಯಾಗ ಸುಟ್ಟ ಎಳಿ ಜ್ವಾಳ ತಿಂದು ನನಗ ಎಷ್ಟ್ ವರ್ಷ ಆತೋ!" ಎಂದಿರಿ. ಆಮೇಲೆ ಗುಂಡಿ ನೋಡಿ, "ಈ ಎಲಿ ಎಲ್ಲಾ ಎಲ್ಲಿ ಹೋಗತಾವ, ಗೊತ್ತೇನು?" ಎಂದು ಕೇಳಿದಿರಿ.

"ಕೊಳೀತಾವ ರೀ."

"ಕೊಳೀತಾವ ಅಂದ್ರ?"

ಅಂದ್ರ… ನಾನು ತಲೆ ಕೆರೆದುಕೊಂಡೆ. ಈ ಕಟ್ಟಡ ಕಟ್ಟುವಾಗ ಸಿಮೆಂಟು ಹೊರಲು ಬಂದು, ಕಟ್ಟಿ ಮುಗಿದ ಮೇಲೆ ತೋಟದ ಕೆಲಸಕ್ಕೆ ಇಲ್ಲೇ ಉಳಿದವನು ನಾನು. ನೀವು ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಸೂಕ್ಷ್ಮಜೀವಿಗಳ ಪಾಠ ಹೇಳಿ ನಿವೃತ್ತರಾಗಿ, ಮಗಳ ಮನೆಯಲ್ಲಿ ಮೂರನೇ ಮಹಡಿಯಲ್ಲಿದ್ದವರು. ಅಂದಿನಿಂದ ನಾನು ನಿಮ್ಮನ್ನು ಅಕ್ಕೋರೇ ಎಂದೆ, ನಮ್ಮ ಕಡೆ ಹೇಳಿಕೊಡುವವರನ್ನು ಕರೆಯುವ ಹಾಗೆ.

ಮತ್ತೊಂದು ದಿನ ಒಂದು ಕೈಯಲ್ಲಿ ಜೋಳದ ರೊಟ್ಟಿ, ಇನ್ನೊಂದು ಕೈಯಲ್ಲಿ ಜೋಳದ ಒಣ ದಂಟು, ಕಣಿಕೆ, ಹಿಡಿದು ಬಂದಿರಿ. ಕಣಿಕೆಯನ್ನು ಹಿಂದಿನ ರಸ್ತೆಯ ಎಮ್ಮೆ ತಬೇಲಾದಿಂದ ತಂದಿದ್ದಿರಿ. "ರೊಟ್ಟಿ ನೀ ತಿಂತಿ, ಕಣಿಕಿ ಎಮ್ಮಿ ತಿಂತೈತಿ. ಎರಡರಾಗೂ ಇರೋದು ಅದ ಸಕ್ರಿ," ಎಂದಾಗ ನಾನು ನಕ್ಕುಬಿಟ್ಟೆ. ಕಣಿಕೆಯಲ್ಲಿ ಸಕ್ಕರೆಯೆ? ನೀವು ಗುಂಡಿಯ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದಿರಿ. ಕಾಳಿನ ಹಿಟ್ಟೂ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರ, ಕಣಿಕೆಯ ನಾರೂ ಅದೇ ಮಣಿಗಳ ಸರ. ಆದರೆ ಮಣಿಗೂ ಮಣಿಗೂ ನಡುವಿನ ಕೊಂಡಿ ಬೇರೆ. ಒಂದು ಕೊಂಡಿ ಬಿಚ್ಚುವ ಕೀಲಿ ನಮ್ಮ ಹೊಟ್ಟೆಯಲ್ಲಿದೆ, ಇನ್ನೊಂದರದು ಇಲ್ಲ.

"ಮತ್ತ ಎಮ್ಮಿ ಹತ್ರ ಐತೇನ್ರಿ ಆ ಕೀಲಿ?"

"ಅದರ ಹತ್ರನೂ ಇಲ್ಲೋ! ಅದರ ಹೊಟ್ಟ್ಯಾಗ ಬಾಡಗಿಗೆ ಅದಾವಲ್ಲ, ಕಣ್ಣಿಗೆ ಕಾಣಲಾರದವು, ಕೀಲಿ ಅವುಗಳ ಹತ್ರ ಐತಿ. ನಿನ್ನ ಗುಂಡ್ಯಾಗೂ ಅಂಥವ ಮಂದಿ."

ನಮ್ಮ ಮುತ್ಯಾ ದನಕ್ಕೆ ಕಣಿಕೆ ಕತ್ತರಿಸುತ್ತ ಕಥೆ ಹೇಳುತ್ತಿದ್ದರು. ಕುಡುಗೋಲಿನ ತಾಳಕ್ಕೆ ಮಾತು. ನಾನು ಕಲಿತ ವಿದ್ಯೆ ಅದೊಂದೇ. ನಾರು ಬಿಡಿಸುವ ಕಿಣ್ವಗಳ ಮೂರು ಹೆಸರನ್ನು ನೀವು ಚೀಟಿಯಲ್ಲಿ ಬರೆದುಕೊಟ್ಟಾಗ ನನ್ನ ನಾಲಿಗೆ ಹೊರಳಲಿಲ್ಲ. ಮರುದಿನ ಅವುಗಳನ್ನು ಅಕ್ಕತಂಗಿಯರನ್ನಾಗಿ ಮಾಡಿ ತಂದೆ: ಕತ್ತರೆವ್ವ, ಕಚ್ಚೆವ್ವ, ಬಿಡಿಸೆವ್ವ. ಒಂದಾನೊಂದು ಊರಾಗ ಒಂದು ಪುಟ್ಟ ಜೀವ. ಅದರ ಮುಂದೆ ಬೆಟ್ಟದಂಥ ಹಗ್ಗದ ಕಂತೆ, ಹಗ್ಗಕ್ಕೆ ಹಗ್ಗ ಬಿಗಿಯಾಗಿ ಅಂಟಿಕೊಂಡದ್ದು. ನುಂಗಲು ಬಾಯಿ ಸಾಲದು. ಅದಕ್ಕೇ ಅದು ಅಡುಗೆಯನ್ನು ಹೊರಗೇ ಮಾಡಿ, ಊಟವನ್ನಷ್ಟೇ ಒಳಗೆ ತೆಗೆದುಕೊಳ್ಳುತ್ತದೆ. ಅಡುಗೆಗೆ ಈ ಮೂವರು. ಕತ್ತರೆವ್ವ ಹಗ್ಗ ಎಲ್ಲಿ ಸಡಿಲವಿದೆಯೋ ಅಲ್ಲಿ ನಡುವೆ ಕತ್ತರಿಸುತ್ತಾಳೆ. ಕಚ್ಚೆವ್ವ ಕತ್ತರಿಸಿದ ತುದಿ ಹಿಡಿದು ನಡೆಯುತ್ತ ಎರಡೆರಡೇ ಮಣಿ ಕಚ್ಚಿ ತೆಗೆಯುತ್ತಾಳೆ. ಬಿಡಿಸೆವ್ವ ಆ ಜೋಡಿ ಬಿಡಿಸಿ ಒಂಟಿ ಮಣಿ ಮಾಡುತ್ತಾಳೆ.

"ಬಿಡಿಸೆವ್ವ ಕೈಕಟ್ಟಿ ಕೂತ್ಲು ಅಂದ್ರ?" ಎಂದು ಪರೀಕ್ಷೆ ಮಾಡಿದಿರಿ.

"ಜೋಡಿ ಮಣಿ ರಾಶಿ ಬಿದ್ದು ಕಚ್ಚೆವ್ವನ ಕಾಲಿಗೆ ತೊಡರ್ತಾವ ರೀ, ಆಕಿ ಕೆಲಸಾನೂ ನಿಂದರತೈತಿ."

ನೀವು ಚಪ್ಪಾಳೆ ತಟ್ಟಿದಿರಿ. "ಇಷ್ಟು ಚಂದ ನಾನೂ ಪಾಠ ಮಾಡಿಲ್ಲೋ. ಆದ್ರ ಒಂದು ಸುಳ್ಳು ಐತಿ. ಅವ್ರಿಗೆ ಜೀವ ಇಲ್ಲ. ಆ ಪುಟ್ಟ ಜೀವ ಮಾಡಿ ಹೊರಗ ಬಿಟ್ಟ ಹತ್ಯಾರ ಅವು." ಜೀವವಿಲ್ಲದ್ದಕ್ಕೆ ಜೀವ ಕೊಡದಿದ್ದರೆ ಕಥೆ ಹೇಗಾಗುತ್ತದೆ, ಅಕ್ಕೋರೇ? ಅಂದು ವಾದ ಮಾಡಲಿಲ್ಲ, ಈಗ ಮಾಡುತ್ತಿದ್ದೇನೆ.

ಆ ಫಿನಾಯಿಲ್ ಬೆಳಿಗ್ಗೆ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅಪಾರ್ಟ್‌ಮೆಂಟಿನ ಕಮಿಟಿಯವರು ಗುಂಡಿ ನೋಡಲು ಬರುವ ದಿನ. ಎದ್ದು ಹೋಗಿ ನೋಡಿದರೆ ರಾಶಿಯ ಮೇಲೆಲ್ಲ ಜೇಡರ ಬಲೆಯಂಥ ಬಿಳಿ ಎಳೆಗಳು! ರೊಟ್ಟಿಗೆ ಬೂಸ್ಟು ಬಂದರೆ ಹಾಗೇ ಅಲ್ಲವೆ ಕಾಣುವುದು? ಬಂದ ಬೀಗರಿಗೆ ಬೂಸ್ಟು ಬಂದ ರೊಟ್ಟಿ ತೋರಿಸುವವರುಂಟೆ? ಮನೆಗೆ ಜನ ಬರುವಾಗ ನೆಲ ಒರೆಸುವ ಹಾಗೆ, ಒಂದು ಕ್ಯಾನ್ ಫಿನಾಯಿಲನ್ನು ಪೂರ್ತಿ ಗುಂಡಿಗೆ ಹೊಯ್ದೆ. ಸೆಕ್ರೆಟರಿ ಸಾಹೇಬರು ಬಂದು ಮೂಸಿ, "ಆಸ್ಪತ್ರಿ ಲಾಗಾ ಉಂದಿ, ಗುಡ್!" ಎಂದರು, ಆಸ್ಪತ್ರೆಯ ಹಾಗಿದೆ ಎಂದು ಹೊಗಳಿ ಹೋದರು. ನನ್ನ ಎದೆ ಎರಡು ಗೇಣು ಉಬ್ಬಿತು. ಒಂದು ವಾರದ ಮೇಲೆ ಎಂದಿನಂತೆ ಕಬ್ಬಿಣದ ಸರಳು ಚುಚ್ಚಿ ಹೊರಗೆಳೆದು ಮುಟ್ಟಿದೆ. ಒಳಗಿನ ಜೀವಗಳು ದುಡಿಯುತ್ತಿದ್ದರೆ ಕೈ ಸುಡಬೇಕಾದ ಸರಳು ತಣ್ಣಗಿತ್ತು.

ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. "ಚಳಿ ರೀ ಅಕ್ಕೋರ, ಚಳಿಗೆ ತಣ್ಣಗಾಗೈತಿ." ನೀವು ಸರಳನ್ನು ಮೂಗಿಗೆ ಹಿಡಿದಿರಿ.

"ಹೈದರಾಬಾದಿನ ಚಳಿಗೆ ಯಾವಾಗಿಂದೋ ಫಿನಾಯಿಲ್ ವಾಸ್ನಿ?"

ನಾನು ನೆಲ ನೋಡಿದೆ. ಬೈಯುತ್ತೀರಿ ಎಂದುಕೊಂಡೆ. ನೀವು ಕೂತು, "ಆ ಬಿಳೇದು ಬೂಸ್ಟು ಅಂತ ನಾಚಿದಿ ಏನೋ ಶರಣ್ಯಾ? ಅದು ನಿನ್ನ ಮೂರೂ ಅಕ್ಕತಂಗೇರ ತವರುಮನಿ," ಎಂದಿರಿ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಕಮಿಟಿ ಮೀಟಿಂಗಿನ ಸಂಜೆ ನಾನು ಬಾಗಿಲಲ್ಲಿ ನಿಂತಿದ್ದೆ. ಅಷ್ಟು ಹೊತ್ತಿಗೆ ಸತ್ತ ಗುಂಡಿ ನಾರಲು ಶುರುವಾಗಿತ್ತು. ಗುಂಡಿ ಮುಚ್ಚಿ ಸಿಮೆಂಟು ಹಾಕಿ ಎರಡು ಕಾರಿಗೆ ಜಾಗ ಮಾಡೋಣ ಎಂದರು ಸೆಕ್ರೆಟರಿ. ಗುಂಡಿಯೇ ಹೋದ ಮೇಲೆ ಗುಂಡಿಯವನು ಯಾತಕ್ಕೆ? ಗಂಗಮ್ಮ ಊರಿಗೆ ಹೋಗುವ ಬಸ್ಸಿನ ಹೊತ್ತು ಕೇಳಿಕೊಂಡು ಬಂದಿದ್ದಳು. ಆಗ ನೀವು ಎದ್ದು ನಿಂತು ತೆಲುಗಿನಲ್ಲಿ ಹೇಳಿದಿರಿ: "ತಪ್ಪು ನನ್ನದು, ಬಿಳಿಯದು ಏನೆಂದು ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ." ಹೊಯ್ದದ್ದು ನಾನು, ಅಕ್ಕೋರೇ. ತಲೆ ಕೊಟ್ಟದ್ದು ನೀವು. ಅದಕ್ಕೊಂದು ಮಾತು ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ನಾಳೆ ಹೇಳಿದರಾಯಿತು ಎಂದು…

"ಗ್ಯಾರಂಟಿ ಏಮಿಟಿ, ಟೀಚರ್‌ಗಾರು?" ಎಂದರು ಸೆಕ್ರೆಟರಿ, ಏನು ಗ್ಯಾರಂಟಿ ಎಂದು. ನಿಮ್ಮ ಗ್ಯಾರಂಟಿ ಕೇಳಿ ಎಲ್ಲರೂ ಮುಖ ಮುಖ ನೋಡಿಕೊಂಡರು. "ಹತ್ತಿಯ ನೂಲೂ ಅದೇ ನಾರು. ನನ್ನ ನೂಲಿನ ಸೀರೆಯ ತುಂಡೊಂದನ್ನು ಹೂಳುತ್ತೇನೆ. ಗುಂಡಿಗೆ ಜೀವ ಬಂದಿದ್ದರೆ ಯುಗಾದಿಯೊಳಗೆ ಅದನ್ನು ತಿಂದು ಮುಗಿಸಿರುತ್ತದೆ. ಬಟ್ಟೆ ಉಳಿದರೆ ಸಿಮೆಂಟು ಹಾಕಿಸಿ," ಎಂದಿರಿ.

ಸಂಕ್ರಾಂತಿಯ ಮರುದಿನ ನೀವು ನೀಲಿ ಸೀರೆ ತಂದು ಪರ್ರನೆ ಹರಿದ ಸದ್ದು ಇನ್ನೂ ಕಿವಿಯಲ್ಲಿದೆ. ಮೊದಲು ನಾರುವ ಮೇಲಿನ ಪದರ ತೆಗೆಸಿದಿರಿ. ಉಳಿದದ್ದನ್ನು ಬುಡಮೇಲು ಮಾಡಿಸಿ ಗಾಳಿಯಾಡುವಂತೆ ಒಣ ಎಲೆ ಸೇರಿಸಿದಿರಿ. ಆಮೇಲೆ ತಬೇಲಾದ ಹಸಿ ಸಗಣಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಡುವೆ ಸೀರೆಯ ತುಂಡು, ಗುರುತಿಗೆ ಒಂದು ಕೋಲು. ನಾಲ್ಕನೆಯ ದಿನ ಸರಳು ಮುಟ್ಟಿ, "ಜ್ವರ ಬಂತೋ!" ಎಂದು ಕೂಗಿದಿರಿ. ಜ್ವರ ಬಂದದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶಿವರಾತ್ರಿ ಕಳೆದು ಮೂರು ದಿನಕ್ಕೆ ನಿಮ್ಮ ಮಗಳು ಗುಂಡಿಯ ಹತ್ತಿರ ಬಂದರು. ಅವರು ಯಾವತ್ತೂ ಅಲ್ಲಿಗೆ ಬಂದವರಲ್ಲ. ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ನಿದ್ದೆಯಲ್ಲೇ ಹೋದಿರಂತೆ.

ಆಮೇಲೆ ನಡೆದ ಒಂದು ಮಾತು ಯಾರಿಗೂ ಹೇಳಿಲ್ಲ. ನೀವೇ ಇಲ್ಲದ ಮೇಲೆ ಕಮಿಟಿಗೆ ಉತ್ತರ ಹೇಳುವವರು ಯಾರು? ಬಟ್ಟೆ ಉಳಿದುಬಿಟ್ಟಿದ್ದರೆ? ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕೋಲಿನ ಪಕ್ಕ ಮೊಣಕೈವರೆಗೆ ಕೈ ತೂರಿದೆ. ಸೀರೆ ತೆಗೆದು ಬಚ್ಚಿಟ್ಟರೆ ಮುಗಿಯಿತು, ಗುಂಡಿಯೇ ತಿಂದಿತು ಎಂದರಾಯಿತು. ಒಳಗೆ ಬಿಸಿ. ಸುಡುವಷ್ಟಲ್ಲ, ಕೂಸಿನ ಹಣೆಯಷ್ಟು. ಅವು ದುಡಿಯುತ್ತಿವೆ, ನಾನು ಕದಿಯಲು ಬಂದಿದ್ದೇನೆ ಎನ್ನಿಸಿತು. ಕೈ ಹೊರಗೆಳೆದುಕೊಂಡೆ. ಫಿನಾಯಿಲ್ ಮೂಸಿ ಹಿಡಿದವರು ನೀವು, ಈ ಸುಳ್ಳಿನ ವಾಸನೆ ನಿಮಗೆ ಬಡಿಯದೆ ಇರುತ್ತಿತ್ತೆ?

ಯುಗಾದಿಯ ಹಿಂದಿನ ದಿನ ಕಮಿಟಿಯವರೆಲ್ಲ ಬಂದರು. ಸೆಕ್ರೆಟರಿ ನನ್ನನ್ನು ನಂಬದೆ ತಾವೇ ಸಲಿಕೆ ಹಿಡಿದರು. ಕೋಲಿನ ಬುಡ ಕೆದಕಿದರು, ಇನ್ನೂ ಕೆದಕಿದರು. ಕಪ್ಪು ಮಣ್ಣು, ಮಳೆ ಬಿದ್ದ ಹೊಲದ ವಾಸನೆ. ಬಟ್ಟೆ ಇಲ್ಲ. "ನುವ್ವೇ ತೀಸೇಸಾವಾ?" ಎಂದು ನನ್ನತ್ತ ತಿರುಗಿದರು, ನೀನೇ ತೆಗೆದೆಯಾ ಎಂದು. ತೆಗೆದಿಲ್ಲ ಎಂದರೂ ನಂಬುವವರಾರು? ಆಗ ಸಲಿಕೆಯ ತುದಿಗೆ ಏನೋ ಸಿಕ್ಕಿಕೊಂಡದ್ದು ಕಂಡಿತು. ಬೆರಳಲ್ಲಿ ಬಿಡಿಸಿ ಬಿಸಿಲಿಗೆ ಹಿಡಿದೆ. ದಾರ, ಅಕ್ಕೋರೇ! ಸೀರೆಯ ಅಂಚು ಮಡಚಿ ನೀವು ಹೊಲಿದಿದ್ದ ಪಾಲಿಯೆಸ್ಟರ್ ದಾರ. ಅದರ ಕೊಂಡಿಗೆ ಆ ಮೂವರ ಬಳಿಯೂ ಕೀಲಿಯಿಲ್ಲ. ಹೊಲಿಗೆಯ ಸುತ್ತು ಒಂದೂ ಬಿಚ್ಚದೆ ಹಾಗೇ ಇತ್ತು, ನಡುವಿನ ಬಟ್ಟೆ ಮಾತ್ರ ಇರಲಿಲ್ಲ. ಕದ್ದವನು ಹೊಲಿಗೆ ಬಿಟ್ಟು ಬಟ್ಟೆಯನ್ನಷ್ಟೇ ಕದಿಯಬಲ್ಲನೆ?

ಸೆಕ್ರೆಟರಿ ದಾರವನ್ನು ಬಹಳ ಹೊತ್ತು ನೋಡಿದರು. "ಬಟ್ಟ ಲೇದು, ಕುಟ್ಟು ಉಂದಿ," ಎಂದರು. ಬಟ್ಟೆ ಇಲ್ಲ, ಹೊಲಿಗೆ ಇದೆ. ಸಲಿಕೆಯನ್ನು ನನ್ನ ಕೈಗೆ ಕೊಟ್ಟು, ಕಾರುಗಳಿಗೆ ಬೇರೆ ಕಡೆ ನೋಡೋಣ ಎಂದು ಹೊರಟರು. ದಾರವನ್ನು ತೊಳೆದು ನಿಮ್ಮ ಮಗಳಿಗೆ ಕೊಟ್ಟೆ. ಅವರು ಬೆರಳಿಗೆ ಸುತ್ತಿಕೊಂಡು ಒಳಗೆ ಹೋದರು.

ಇನ್ನೊಂದು ಸುದ್ದಿ ನಿಮಗೆ ಗೊತ್ತಿಲ್ಲ. ಆ ಗೊಬ್ಬರ ಹಾಕಿ ಹಿಂಗಾರಿಗೆ ಕಾಂಪೌಂಡಿನ ಉದ್ದಕ್ಕೂ ಎರಡು ಸಾಲು ಜೋಳ ಬಿತ್ತಿದ್ದೆ. ಮೊನ್ನೆ ತೆನೆ ಹಾಲುಗಟ್ಟಿತ್ತು. ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಗಂಗಮ್ಮ ಉಜ್ಜಿ ತೂರಿದಳು. ಮೊದಲ ಮುಷ್ಟಿ ಸೀತನಿಯನ್ನು ನೀವು ಕೂರುತ್ತಿದ್ದ ಕಟ್ಟೆಯ ಮೇಲಿಟ್ಟೆವು. ಹೊಗೆ ಕಂಡು ಸೆಕ್ರೆಟರಿ ಸಿಟ್ಟಿನಿಂದ ಇಳಿದು ಬಂದರು. ಗಂಗಮ್ಮ ಅವರ ಅಂಗೈಗೆ ಬಿಸಿ ಸೀತನಿ, ಮೇಲೊಂದಿಷ್ಟು ಶೇಂಗಾ ಚಟ್ನಿ ಹಿಂಡಿ ಸುರಿದಳು. ಬಾಯಿಗೆ ಹಾಕಿಕೊಂಡರು. ಸಿಟ್ಟು ಎಲ್ಲಿ ಹೋಯಿತೋ! ಇಷ್ಟು ಸಿಹಿಯಾಗಿದೆಯಲ್ಲ, ಯಾವ ಗೊಬ್ಬರ ಹಾಕಿದೆ ಎಂದು ಕೇಳಿದರು.

"ಟೀಚರ್‌ಗಾರಿ ಚೀರ, ಸಾರ್," ಎಂದೆ. ಅಕ್ಕೋರ ಸೀರೆ.

ಅವರು ಅಗಿಯುವುದನ್ನು ನಿಲ್ಲಿಸಿದರು. ಗುಂಡಿಯ ಕಡೆ ನೋಡಿದರು, ಕಟ್ಟೆಯ ಕಡೆ ನೋಡಿದರು. ಆಮೇಲೆ ಇನ್ನೊಮ್ಮೆ ಕೈ ಚಾಚಿದರು.

ಕಾಳು ನಾವು ತಿಂದೆವು, ಕಣಿಕೆ ಅಕ್ಕತಂಗಿಯರಿಗೆ ಕೊಟ್ಟೆವು. ಈ ಪತ್ರವನ್ನೂ ನಾಳೆ ಅದರ ಮೇಲೆ ಹಾಕುತ್ತೇನೆ. ಪಿನ್ನು ಹೊಡೆದಿಲ್ಲ, ಅಕ್ಕೋರೇ. ಈ ಸಲ ಏನೂ ಉಳಿಯುವುದಿಲ್ಲ.

ನಿಮ್ಮ ಶರಣ್ಯಾ