ಅಪ್ಪನ ಕಾರ್ಡು ಇನ್ನೂ ಬಂದಿಲ್ಲ

ಪುಟ್ಟೀ,

ಅಪ್ಪ ಕೇಳಿದರೆ ಅಣ್ಣ ಅಂಗಡಿಗೆ ಸಾಮಾನು ತರಲು ಹೋದ ಎನ್ನು. ನಿಜವಾಗಿ ಹೊರಟಿರುವುದು ಆ ಗ್ರೇಡಿಂಗ್ ಕಚೇರಿಗೆ.

ಅಪ್ಪ ಗೋಲ್‌ಕೀಪರ್ ಆಗಿದ್ದಾಗ ಅವರ ಚಿತ್ರ ಹಾಕಿ ಅಚ್ಚು ಮಾಡಿದ್ದ ಆಟಗಾರರ ಕಾರ್ಡನ್ನು ಅವರಿಗೆ ಹೇಳದೆ ಕಳಿಸಿದ್ದೆನಲ್ಲ, ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತಾರೆಂದು? ಚಳಿಗಾಲದಿಂದ ಅವರ ವೆಬ್‌ಸೈಟಿನಲ್ಲಿ ‘ಸರದಿಯಲ್ಲಿದೆ’ ಎಂದೇ ತೋರಿಸುತ್ತಿತ್ತು. ಬೈದುಕೊಂಡಾದರೂ ನೆಮ್ಮದಿಯಾಗಿದ್ದೆ. ನಿನ್ನೆ ನೋಡಿದರೆ ನಮ್ಮ ನಂಬರೇ ಇಲ್ಲ! ಫೋನ್ ಮಾಡಿದೆ.

“ಆ ನಂಬರ್ ನಮ್ಮಲ್ಲಿ ಇಲ್ವಲ್ಲ ಸಾರ್, ಇನ್ನೊಂದ್ಸಲ ಕಳಿಸಿ” ಅಂದಳು ಆ ಹುಡುಗಿ.

ಏನನ್ನು ಕಳಿಸಲಿ, ಅಪ್ಪನನ್ನೇ? ಅವರು ಆಡಿದ್ದಕ್ಕೆ ಗುರುತು ಅಂತ ಉಳಿದಿರುವುದು ಅದೊಂದೇ.

ಆಲ್ಬಮ್ಮಿನಲ್ಲಿ ಅವರ ಕಾರ್ಡಿನ ಜಾಗದಲ್ಲಿ ಬೇರೆ ಗೋಲ್‌ಕೀಪರನ ಕಾರ್ಡನ್ನು ಕೂರಿಸಿದ್ದೆ. ಅಪ್ಪನ ಕಣ್ಣು ಮಂಜಾದರೇನು, ಬೆರಳು ಚುರುಕು. ನಿನ್ನೆ ಸಂಜೆ ಸವರುತ್ತಾ, “ಈ ಮಡಿಸಿದ ಮೂಲೆ ಯಾವಾಗ ನೆಟ್ಟಗಾಯ್ತೋ?” ಅಂದರು. ಅದಕ್ಕೇ ಆಲ್ಬಮ್ಮನ್ನು ಮೇಲಿನ ಕಪಾಟಿನಲ್ಲಿ ಬಚ್ಚಿಟ್ಟಿದ್ದೇನೆ. ಎಷ್ಟು ಗೋಗರೆದರೂ ಇಳಿಸಬೇಡ.

ಅವರ ಮಾತ್ರೆ ತಿಂಡಿಯಾದ ಮೇಲೆ, ಮೊದಲಲ್ಲ.

ನಾನು ಫೋನ್ ಮಾಡಿದರೆ ಹಿತ್ತಲಿಗೆ ಹೋಗಿ ಮಾತಾಡು. ನಿನ್ನ ಮುಖ ಏನನ್ನೂ ಮುಚ್ಚಿಡುವುದಿಲ್ಲ.

ಕಾರ್ಡು ಸಿಗದಿದ್ದರೆ ನಾನೇ ಬಂದು ಅವರಿಗೆ ಹೇಳುತ್ತೇನೆ. ಆಗ ನೀನು ಮನೆಯಲ್ಲಿರು ಕಣೇ, ಎಲ್ಲಿಗೂ ಹೋಗಬೇಡ. ಒಬ್ಬನೇ ಅವರೆದುರು ಕೂರಲು ನನಗೆ ಧೈರ್ಯ ಸಾಲದು.

ಅಣ್ಣ