ಆಲಮಟ್ಟಿಯಲ್ಲೂ ಒಂದು ಟೀಮು

ಕೆ.ಆರ್.ಎಸ್. ಕಾಲೋನಿ,
೧೮ ನವೆಂಬರ್ ೧೯೯೬, ಸೋಮವಾರ

ರಂಜಿತಳ ಅಪ್ಪನಿಗೆ, ಪ್ರಮೀಳಾ ಮಾಡುವ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಆಲಮಟ್ಟಿಯ ನೀರು ಈಗಲಾದರೂ ಮೈಗೆ ಒಗ್ಗಿತೆ? ಕ್ಯಾಂಪಿನ ಜೋಳದ ರೊಟ್ಟಿಗೆ ಹೊಟ್ಟೆ ಕೆಟ್ಟಿತ್ತೆಂದು ಬರೆದಿದ್ದಿರಿ. ರಾಗಿ ಹಿಟ್ಟು, ಹುರುಳಿಕಾಳು, ಸಿಂಧಘಟ್ಟದಿಂದ ನಮ್ಮಮ್ಮ ಕೊಟ್ಟ ತುಪ್ಪ ಎಲ್ಲವನ್ನೂ ಡ್ರೈವರ್ ಶಿವಣ್ಣನ ಕೈಲಿ ಕಳಿಸುತ್ತಿದ್ದೇನೆ. ಮುದ್ದೆ ತಿರುವಲು ಬಾರದಿದ್ದರೆ ಅಂಬಲಿಯನ್ನಾದರೂ ಕಾಸಿಕೊಂಡು ಕುಡಿಯಿರಿ. ಅತ್ತೆಯವರ ಮಂಡಿನೋವು ಚಳಿ ಬಿದ್ದ ಮೇಲೆ ಜಾಸ್ತಿಯಾಗಿದೆ, ಆದರೂ ದಿನಾ ಸಂಜೆ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಹೋಗಿ ನಾಲ್ಕು ಮನೆಯ ಸುದ್ದಿ ತರುತ್ತಾರೆ. ರಂಜಿತಳಿಗೆ ಮುಂದಿನ ಹಲ್ಲು ಬಿದ್ದಿದೆ. ಅದನ್ನು ನಿಮಗೇ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ನಿಮ್ಮ ಕಾಗದ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ನನ್ನ ಸುದ್ದಿ ಎಲ್ಲಿದೆ ಎಂದು. ಕಳೆದ ಸಲದ್ದರಲ್ಲಿ ದಾಸಯ್ಯನ ಕಾಲು, ಶಿವಪ್ರಕಾಶನ ಬೂಟು, ಗೋಲ್‌ಕೀಪರ್ ದಿಲೀಪನ ಕೆಮ್ಮು, ಮೈದಾನದ ಮೂಲೆಯ ಹುತ್ತ, ಇಷ್ಟೂ ಮುಗಿದ ಮೇಲೆ ಕೊನೆಯಲ್ಲಿ “ನೀನೂ ಸೌಖ್ಯವೆಂದು ತಿಳಿಯುತ್ತೇನೆ” ಎಂದಿತ್ತು. ನೀವಾಗಿಯೇ ತಿಳಿದುಕೊಂಡಿರಿ, ಕೇಳಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಕಾಲೋನಿಯ ಬೇರೆ ಗಂಡಸರು ಭಾನುವಾರ ಸಂಜೆ ಹೆಂಡತಿಯರನ್ನು ಕರೆದುಕೊಂಡು ಕಾರಂಜಿ ನೋಡಲು ಹೋಗುತ್ತಿದ್ದರೆ, ನಾನು ಹಿತ್ತಲಲ್ಲಿ ನಿಮ್ಮ ಟೀಮಿನವರ ಕೆಸರು ಬನಿಯನ್ನುಗಳನ್ನು ಕಲ್ಲಿಗೆ ಬಡಿಯುತ್ತಿದ್ದೆ. “ಸವ್ತಿ ಅಂತ ತಿಳ್ಕೊಬುಡು ಕಣವ್ವ, ಈ ಸವ್ತಿ ಅನ್ನಾನಾರ ಕೇಳಾಕಿಲ್ಲ” ಎಂದು ಅತ್ತೆ ನಕ್ಕಿದ್ದರು. ಆಮೇಲೆ ಅನ್ನವನ್ನೂ ಕೇಳಿತು. ಮ್ಯಾಚು ಮುಗಿಸಿ ಬಂದ ಇಡೀ ಟೀಮಿಗೆ ಸಾರು ಮಾಡಿ ಹಾಕಿದ್ದು ಎಷ್ಟು ಸಲವೋ! ಹೊಟ್ಟೆಯುರಿಯಿತ್ತೇ ಎಂದು ನೀವು ಒಂದು ದಿನವೂ ಕೇಳಲಿಲ್ಲ. ಇತ್ತು. ಈಗಲೂ ಇದೆ. ಹೋದ ವರ್ಷ ನಿಮಗೆ ಆಲಮಟ್ಟಿ ಅಣೆಕಟ್ಟಿನ ಕೆಲಸಕ್ಕೆ ವರ್ಗವಾದಾಗ ಬಸ್ಸಿನ ಕಿಟಕಿಯಿಂದ ಕೈ ಚಾಚಿ, ನಾನು ಕೈ ಹಿಡಿಯುತ್ತೀರೆಂದುಕೊಂಡರೆ, ನನ್ನ ಅಂಗೈಗೆ ಕ್ಲಬ್ಬಿನ ಶೆಡ್ಡಿನ ಬೀಗದ ಕೈ ಇಟ್ಟಿರಿ. “ಒಂದೆರಡ್ ತಿಂಗ್ಳು ನೋಡ್ಕೊಂಡಿರು, ಬೇರೆ ಯಾರ್ ಕೈಗೂ ಕೊಡಕ್ಕೆ ಮನಸ್ಸಾಗ್ತಿಲ್ಲ” ಎಂದಿರಿ. ಹಾಗೆ ನಿಮ್ಮ ಕನ್ನಂಬಾಡಿ ಫುಟ್‌ಬಾಲ್ ಕ್ಲಬ್ಬಿಗೆ ನಾನು ಮ್ಯಾನೇಜರಾದೆ. ಆಫ್‌ಸೈಡ್ ಎಂದರೇನೆಂದು ಕೋಚ್ ಕುಳ್ಳಯ್ಯನವರು ಹುಣಸೆಬೀಜಗಳನ್ನು ಜಗಲಿಯ ಮೇಲಿಟ್ಟು ನನಗೆ ಕಲಿಸಬೇಕಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಎಸ್‌ಟಿಡಿ ಬೂತಿನಿಂದ ಹೇಳಬಹುದಿತ್ತು. ಆದರೆ ನೀವು ಕೂಗಾಡುತ್ತೀರಿ, ಬೂತಿನವನು ಕೇಳಿಸಿಕೊಳ್ಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಶಿವಪ್ರಕಾಶನನ್ನೂ ದಿಲೀಪನನ್ನೂ ನಾನು ಬಿಟ್ಟುಕೊಟ್ಟೆ.

ಆಗಸ್ಟಿನಲ್ಲಿ ನಾಗಮಂಗಲದಲ್ಲಿ ಆಡಿ ಬರುವಾಗ ಪಾಂಡವಪುರದ ಹತ್ತಿರ ನಮ್ಮ ಟೆಂಪೋದ ಟೈರು ಒಡೆದು ಗದ್ದೆಗೆ ಮಗುಚಿದ್ದು, ದಾಸಯ್ಯನ ತೊಡೆಯ ಮೂಳೆ ಎರಡು ಕಡೆ ಮುರಿದದ್ದು ನಿಮಗೆ ಗೊತ್ತಿದೆ. ಆಮೇಲಿನದನ್ನು ನಾನು ಪೂರ್ತಿ ಬರೆದಿರಲಿಲ್ಲ. ಮೊದಲ ಆಪರೇಷನ್ನಿನ ಗಾಯ ಕೀವುಗಟ್ಟಿತು, ಇನ್ನೊಂದು ಆಪರೇಷನ್ ಮಾಡಿ ರಾಡು ಹಾಕದಿದ್ದರೆ ಕಾಲು ಉಳಿಯುವುದಿಲ್ಲ ಎಂದರು ಡಾಕ್ಟರು. ಅವನನ್ನು ಟೆಂಪೋ ಹತ್ತಿಸಿದ್ದು ಕ್ಲಬ್ಬು. ಅವನ ತಾಯಿ ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, “ನೀವ್ ಏನ್ ಯೋಳ್ತೀರೋ ಅದೇಯ ಕಣವ್ವ” ಎಂದಳು. ನೀವು ಕಳಿಸಿದ್ದು, ಹುಡುಗರು ಅಂಗಡಿ ಅಂಗಡಿ ಸುತ್ತಿ ತಂದದ್ದು ಮೊದಲ ಆಪರೇಷನ್ನಿಗೇ ಮುಗಿದಿತ್ತು. ಅದೇ ವಾರ ಮೈಸೂರಿನ ಒಂದು ಕಾರ್ಖಾನೆಯ ಟೀಮಿನ ಮ್ಯಾನೇಜರು ಮನೆಗೆ ಬಂದರು. ಶಿವಪ್ರಕಾಶ ಮತ್ತು ದಿಲೀಪನನ್ನು ಬಿಟ್ಟುಕೊಟ್ಟರೆ ಇಬ್ಬರಿಗೂ ಕಾರ್ಖಾನೆಯಲ್ಲಿ ಕೆಲಸ, ದಾಸಯ್ಯನ ಆಸ್ಪತ್ರೆಯ ಖರ್ಚೆಲ್ಲ ಅವರದು ಎಂದರು. ಇಸ್ತ್ರಿ ಮಾಡಿದ ಅಂಗಿ, ಮೆಲ್ಲಗೆ ಮಾತು. ಕೆಟ್ಟ ಮನುಷ್ಯನೆನಿಸಿದ್ದರೆ ಬೈದು ಕಳಿಸುತ್ತಿದ್ದೆ. ಒಳ್ಳೆಯವರೆನಿಸಿದ್ದಕ್ಕೇ ನನಗೆ ಇನ್ನಷ್ಟು ಉರಿಯಿತು.

“ಶಿವಪ್ರಕಾಶನನ್ನು ಯಾವ ಕಾರಣಕ್ಕೂ ಬಿಡಬೇಡ” ಎಂದು ನೀವು ಬರೆದಿದ್ದ ಕಾಗದ ಆಗ ಅಡುಗೆಮನೆಯ ಡಬ್ಬಿಯ ಮೇಲೇ ಇತ್ತು. ನಾನು ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ, ಅವನ ಅಪ್ಪ ಕಾಳಪ್ಪನವರ ಅಂಗಡಿಗೆ ಹೋದೆ. ಅವರು ಕುಲುಮೆಯ ಮುಂದೆ ಯಾರದೋ ಹಳೆಯ ಓಲೆಗೆ ಬೆಸುಗೆ ಹಾಕುತ್ತಿದ್ದರು. ವಿಷಯ ಕೇಳಿ, “ತಾಯಿ, ಈಗ ಎಲ್ರೂ ಮೈಸೂರಿಗೋಗಿ ರೆಡಿಮೇಡ್ ಒಡ್ವೆ ತತ್ತಾರೆ. ಈ ಕೆಲ್ಸ ನನ್ ಕಾಲಕ್ಕೇ ಸಾಕು. ಇವನಿಗೊಂದು ಸಂಬ್ಳ ಅಂತ ಆಯ್ತದೆ ಅಂದ್ರೆ ನಾನು ಬ್ಯಾಡ ಅನ್ನಕಾಯ್ತದಾ?” ಎಂದರು. ಶಿವಪ್ರಕಾಶ ಬಾಗಿಲಿಗೆ ಒರಗಿ ನಿಂತಿದ್ದ. “ನನ್ನೇನು ಸಂತೇಲಿ ನಿಲ್ಸಿರೋ ಓರಿ ಅಂದ್ಕಂಡ್ರಾ ಅಕ್ಕ? ರಾಜಣ್ಣ ಇದ್ದಿದ್ರೆ ಇಂಗೆ ಮಾಡ್ತಿದ್ರಾ?” ಎಂದ. ನನ್ನ ಕೈಯಡುಗೆ ಉಂಡು ಬೆಳೆದವನು, ಜ್ವರ ಬಂದಾಗ ನಮ್ಮ ಪಡಸಾಲೆಯಲ್ಲೇ ಮಲಗಿದ್ದವನು. ಆಗ ಗಂಜಿ ಕುಡಿಸಿದ್ದು ನಾನು. ಆದರೂ ಅವನಿಗೆ ನ್ಯಾಯ ಕೇಳಲು ಬೇಕಾದದ್ದು ನೀವು. “ರಾಜಣ್ಣ ಇಲ್ಲ. ನಾನಿದೀನಿ. ದಾಸಯ್ಯನ ಕಾಲು ನೋಡ್ಕೊಂಡು ಬಂದು ಆಮೇಲೆ ಮಾತಾಡು” ಎಂದೆ. ಅವನು ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಬಂದು, ನನ್ನ ಮುಖ ನೋಡದೆ ಒಪ್ಪಿಕೊಂಡ. ಬಿಡುಗಡೆ ಪತ್ರಕ್ಕೆ ನಾನೇ ರುಜು ಹಾಕಿದೆ. ನಿಮ್ಮನ್ನು ಕೇಳಬೇಕಿತ್ತು ಎನ್ನುವಿರಿ. ಕೇಳಿದ್ದರೆ ಬೇಡವೆನ್ನುತ್ತಿದ್ದಿರಿ, ಅದಕ್ಕೇ ಕೇಳಲಿಲ್ಲ. ದಾಸಯ್ಯ ಈಗ ಊರುಗೋಲು ಹಿಡಿದು ನಡೆಯುತ್ತಾನೆ. ಅಷ್ಟು ಸಾಕು ನನಗೆ.

ಸಾಕು ಎಂದು ಬರೆದೆನಲ್ಲ, ಅದು ಪೂರಾ ನಿಜವಲ್ಲ. ಅವರಿಬ್ಬರೂ ಹೋದ ಮೇಲೆ ಟೀಮು ಟೀಮಾಗಿ ಉಳಿಯಲಿಲ್ಲ. “ಅಮ್ಮಾವ್ರೆ, ಅವ್ನಿಲ್ದೆ ಚೆಂಡು ಮುಂದ್ಕೇ ಓಗಾಕಿಲ್ಲ” ಎಂದು ಕುಳ್ಳಯ್ಯನವರು ಮೊದಲ ದಿನವೇ ಹೇಳಿದ್ದರು, ಹಾಗೇ ಆಯಿತು. ಸಾಲಾಗಿ ಸೋತೆವು. ಗೋಲಿಗೆ ಮೀನಂಗಡಿಯ ಬೋರಯ್ಯನನ್ನು ನಿಲ್ಲಿಸಿದೆವು. ಕೈ ಉದ್ದ, ಆದರೆ ಚೆಂಡು ಬಂದರೆ ಕಣ್ಣು ಮುಚ್ಚುತ್ತಾನೆ. ಪ್ರತಿ ಸೋಮವಾರ ಪೇಪರಿನಲ್ಲಿ ಮೈಸೂರಿನ ಕಾರ್ಖಾನೆ ಗೆದ್ದ ಸುದ್ದಿ, ಅದರಲ್ಲಿ ಶಿವಪ್ರಕಾಶನ ಹೆಸರು. ಓದಿ, ಮಡಿಸಿ, ಒಲೆ ಹಚ್ಚಲು ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ಮತ್ತೆ ತೆಗೆದು ಓದುತ್ತಿದ್ದೆ. ಆ ಮ್ಯಾನೇಜರು ಅವನಿಗೆ ಏನು ಉಣ್ಣಲು ಕೊಡುತ್ತಾರೋ, ಮೊಟ್ಟೆ ತಿಂದರೆ ಅವನಿಗೆ ಮೈ ಕಡಿಯುತ್ತದೆಂದು ಅವರಿಗೆ ಗೊತ್ತೋ ಇಲ್ಲವೋ. ನನ್ನಂಥವಳಿಗೆ ಇದೆಲ್ಲ ಯಾಕೆ ಬೇಕಿತ್ತು ಹೇಳಿ! ನಿಮ್ಮ ಸವತಿಯನ್ನು ಸಾಕಲು ಕೂತವಳು ಅವಳ ಮಕ್ಕಳನ್ನು ನೆನೆದು ಅಳುವ ಹಾಗಾಯಿತು.

ಹೀಗಿರುವಾಗ ಮೊನ್ನೆ ಶನಿವಾರ ಆಲಮಟ್ಟಿಯಿಂದ ಶಿವಣ್ಣ ಬಂದ. ಅಣೆಕಟ್ಟಿನ ಗೇಟಿನ ಸಾಮಾನು ತುಂಬಿಕೊಂಡು ಹೋಗಲು ಇಲಾಖೆಯ ಲಾರಿ ತಂದಿದ್ದ. ನೀವು ಕಳಿಸಿದ ಇಳಕಲ್ ಸೀರೆಯನ್ನು ಕೈಗಿಟ್ಟ. ಕೆಂಪು ಸೆರಗು, ನಾನು ಬಹಳ ಖುಷಿಪಟ್ಟೆ. ಕಾಫಿ ಕುಡಿಯುತ್ತಾ ಅವನು, “ರಾಜಣ್ಣ ಅಲ್ಲೂ ಬಲೇ ಟೀಮು ಕಟ್ಬುಟ್ಟವ್ರೆ ಕಣಕ್ಕ! ಕ್ಯಾಂಪಿನ ಐಕ್ಳೆಲ್ಲ ಅವರ ಇಂದಿಂದೇನೆ. ಸಂಜೆ ಆದ್ರೆ ಸಾಕು, ಕೂಗ್ತಾ ಓಡಾಡ್ತಾವ್ರೆ” ಎಂದ. ಮೊದಲೇ ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ಕಾಫಿಗೆ ಸಕ್ಕರೆ ಸಾಕಾ ಎಂದು ಅವನನ್ನು ಎರಡು ಸಲ ಕೇಳಿದೆನಂತೆ. ಇಲ್ಲಿ ನಾನು ನಿಮ್ಮ ಕ್ಲಬ್ಬು ಮುಳುಗದಿರಲೆಂದು ಒದ್ದಾಡುತ್ತಿದ್ದರೆ, ಅಲ್ಲಿ ನೀವು ಹೊಸದೊಂದನ್ನು ಕಟ್ಟಿಕೊಂಡು ಕೂತಿದ್ದೀರಿ, ಒಂದು ಅಕ್ಷರ ಬರೆಯದೆ! ಬೇರೆ ಹೆಂಗಸಿನ ಸುದ್ದಿಯಾಗಿದ್ದರೆ ಅತ್ತೆ ನನ್ನ ಕಡೆ ಮಾತಾಡುತ್ತಿದ್ದರು. ಇದಕ್ಕೆ ಯಾರ ಹತ್ತಿರ ಹೋಗಿ ದೂರಲಿ? ಅತ್ತೆಗೆ ಹೇಳಿದರೆ, “ಅವನ ಕಾಲು ಸುಮ್ಕಿರಾಕಿಲ್ಲ ಕಣವ್ವ, ಒಟ್ಟೇಲಿದ್ದಾಗ್ಲೇ ಒದೀತಿದ್ದ” ಎಂದರು. ಸೀರೆಯನ್ನು ಮಡಿಕೆ ಬಿಚ್ಚದೆ ಟ್ರಂಕಿಗೆ ಹಾಕಿದ್ದೇನೆ.

ಆ ಉರಿಯನ್ನು ಒಳಗಿಟ್ಟುಕೊಂಡೇ ನಿನ್ನೆ ಮ್ಯಾಚಿಗೆ ಹೋದೆ. ಶ್ರೀರಂಗಪಟ್ಟಣದ ಮೈದಾನ, ಎದುರಿಗೆ ಅದೇ ಕಾರ್ಖಾನೆ. ಸೋತರೆ ನಾವು ಕೆಳಗಿನ ಡಿವಿಜನ್ನಿಗೆ. ಡ್ರಾ ಆದರೂ ಉಳಿಯುತ್ತಿದ್ದೆವು. ಹಸಿರು ಬನಿಯನ್ನಿನಲ್ಲಿ ಶಿವಪ್ರಕಾಶನನ್ನು ನೋಡಿ ನನಗೆ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಮೈ ತುಂಬಿಕೊಂಡಿದ್ದಾನೆ. ಮೊದಲರ್ಧದಲ್ಲೇ ಅವನು ಎಡಗಡೆಯಿಂದ ನುಗ್ಗಿ ನಮ್ಮವರಿಬ್ಬರನ್ನು ಹಿಂದೆ ಹಾಕಿ ಗೋಲು ಹೊಡೆದ. ಹೊಡೆದವನು ಹಳೆಯ ಅಭ್ಯಾಸದಂತೆ ಎರಡೂ ಕೈ ಚಾಚಿಕೊಂಡು ನಾನು ನಿಂತಿದ್ದ ಕಡೆಗೇ ಓಡಿ ಬಂದ. ನನ್ನ ಕೈಗಳೂ ಚಪ್ಪಾಳೆಗೆ ಮೇಲೆದ್ದಿದ್ದವು. ಗೆರೆಯ ಹತ್ತಿರ ಬಂದು ಅವನಿಗೆ ಎಚ್ಚರವಾಯಿತು, ನಿಂತ. ಅಷ್ಟರಲ್ಲಿ ಅವರ ಟೀಮಿನವರು ಬಂದು ಅವನ ಮೇಲೆ ಬಿದ್ದು ಎಳೆದುಕೊಂಡು ಹೋದರು. ಆಟ ನಿಂತಾಗ ಆ ಮ್ಯಾನೇಜರು ಅವನ ಕತ್ತಿನ ಬೆವರನ್ನು ತಮ್ಮ ಟವೆಲಿನಿಂದ ಒರೆಸಿದರು. ನನಗೆ ಆ ಟವೆಲನ್ನು ಕಿತ್ತು ಕಾವೇರಿಗೆ ಎಸೆಯಬೇಕೆನಿಸಿತು.

ತಿರುಗಿ ನೋಡಿದರೆ ಗೋಲಿನಲ್ಲಿ ಬೋರಯ್ಯ ನನ್ನನ್ನೇ ನೋಡುತ್ತಿದ್ದ. ನನ್ನ ಕೈ ಮೇಲೆದ್ದದ್ದನ್ನು ಅವನು ಕಂಡಿದ್ದ. ಮಧ್ಯಂತರದಲ್ಲಿ ನಿಂಬೆಹಣ್ಣಿನ ಹೋಳು ಕೊಡಲು ಹೋದಾಗ, “ನಾವು ಒಡುದ್ರೆ ಅಂಗೇ ಕೈ ಎತ್ತೀರಾ ಅಕ್ಕ?” ಎಂದ. ವ್ಯಂಗ್ಯವಾಗಿರಲಿಲ್ಲ, ನಿಜವಾಗಿ ಕೇಳಿದ. ಕಾಲು ಮುರಿದವನಿಗೋಸ್ಕರ ಸೋಲುತ್ತಾ ಬಂದವರು ಇವರು. ಯಾರೂ ಕರೆಯದ, ಯಾರೂ ಕೊಳ್ಳಲು ಬಾರದ ಹುಡುಗರು. ನಾನು ಇಷ್ಟು ದಿನ ಇವರ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. “ಎತ್ತೋದೇನು, ಕುಣೀತೀನಿ, ಹೊಡೀರಿ” ಎಂದೆ. ಎರಡನೆಯ ಅರ್ಧದಲ್ಲಿ ಶಿವಪ್ರಕಾಶ ಹೊಡೆದ ಇನ್ನೊಂದು ಚೆಂಡಿಗೆ ಬೋರಯ್ಯ ಕಣ್ಣು ಬಿಟ್ಟುಕೊಂಡೇ ಅಡ್ಡ ಬಿದ್ದ. ಆಟ ಮುಗಿಯುವ ಹೊತ್ತಿಗೆ ಕಾರ್ನರಿನಿಂದ ಬಂದ ಚೆಂಡಿಗೆ ನಮ್ಮ ನಂಜಪ್ಪ ತಲೆ ಕೊಟ್ಟ. ಒಳಗೆ ಹೋಗಿದ್ದು ಅವನಿಗೇ ಗೊತ್ತಾಗಲಿಲ್ಲ, ಅವರ ಗೋಲು ಕಾಯುತ್ತಿದ್ದ ದಿಲೀಪ ಬಲೆಯೊಳಗೆ ಬಿದ್ದಿದ್ದ. ನಾನು ಕುಣಿದೆನಂತೆ. ಕುಳ್ಳಯ್ಯನವರು ನನ್ನ ಸೆರಗು ಮಣ್ಣಾಗುತ್ತದೆಂದು ಕೂಗುತ್ತಿದ್ದರು. ಒಂದಕ್ಕೊಂದು. ಉಳಿದುಕೊಂಡೆವು.

ಹೊರಡುವಾಗ ಶಿವಪ್ರಕಾಶ ಒಬ್ಬನೇ ಬಂದು ಎದುರು ನಿಂತ. ಏನೋ ಹೇಳುವವನಂತೆ ತಡವರಿಸಿ, “ರಾಜಣ್ಣಂಗೆ ಕಾಗ್ದ ಬರ್ದಾಗ, ನಾನು ಎಡಗಾಲಲ್ಲಿ ಒಡ್ದೆ ಅಂತ ಯೋಳಿ ಅಕ್ಕ. ಅವ್ರು ನಂಬಾಕಿಲ್ಲ” ಎಂದ. ಅಷ್ಟೇ. ನನಗೆಂದು ಒಂದು ಮಾತೂ ಇಲ್ಲ. ಹೇಳಿದ್ದೇನೆ ನೋಡಿ, ಎಡಗಾಲಿನಲ್ಲೇ ಹೊಡೆದ, ನಂಬಿ. ಸ್ವಲ್ಪ ದೂರ ಹೋದವನು ತಿರುಗಿ ಬಂದು, ಈಗ ಮೊಟ್ಟೆ ತಿನ್ನುತ್ತಿಲ್ಲ ಎಂದು ಹೇಳಿ ಓಡಿದ. ನಾನು ಕೇಳಿಯೇ ಇರಲಿಲ್ಲ.

ಬೈಯುವುದಿದ್ದರೆ ಬೈದು ಬರೆಯಿರಿ, ಆದರೆ ಮೊದಲ ಸಾಲಿನಲ್ಲೇ ಬೈಯಿರಿ, ದಾಸಯ್ಯನ ಕಾಲಿಗಿಂತ ಮೊದಲು. ಅತ್ತೆಯವರು ನಿಮಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿ ಹರಸಿದ್ದಾರೆ. ರಂಜಿತ ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ, ನೀವೇ ಊಹಿಸಿಕೊಳ್ಳಿ. ಚಳಿಗೆ ಕಿವಿ ಮುಚ್ಚಿಕೊಂಡು ಮಲಗಿ.

ನಿಮ್ಮ ದಾರಿ ನೋಡುತ್ತಿರುವ,
ಪ್ರಮೀಳಾ

ಇನ್ನೊಂದು ಮಾತು: ಅವಸರದಲ್ಲಿ ಬರೆಯುತ್ತಿದ್ದೇನೆ, ಹೊರಗೆ ಲಾರಿ ಸ್ಟಾರ್ಟಾಗಿದೆ. ಕಾಗದ ಅಂಟಿಸುವಾಗ ಶಿವಣ್ಣ ಬಾಯಿತಪ್ಪಿ ಒಂದು ಮಾತು ಹೇಳಿಬಿಟ್ಟ. ಕೆ.ಆರ್.ಎಸ್.ಗೆ ವಾಪಸ್ ವರ್ಗ ಕೇಳಿ ಹಾಕಿದ್ದ ಅರ್ಜಿಯನ್ನು ನೀವು ಹಿಂದಕ್ಕೆ ತೆಗೆದುಕೊಂಡಿರಂತೆ, ಆ ಟೀಮಿಗೋಸ್ಕರ. ಅವನನ್ನು ಬೈಯಬೇಡಿ. ಸಂಕ್ರಾಂತಿಯ ಮರುವಾರ ನನ್ನ ಟೀಮನ್ನು ಕರೆದುಕೊಂಡು ಅಲ್ಲಿಗೆ ಬರುತ್ತಿದ್ದೇನೆ, ಸರ್ಕಾರಿ ಬಸ್ಸಿನಲ್ಲಿ. ಲಾರಿಗೆ ಮೂಟೆ ಹತ್ತಿಸಲು ಬಂದ ಕುಳ್ಳಯ್ಯನವರು ನಿಂತಲ್ಲೇ ಒಪ್ಪಿದ್ದಾರೆ, ಜೊತೆಗೆ ಬಂದ ಬೋರಯ್ಯ ಆಗಲೇ ಚೀಲ ಕೇಳುತ್ತಿದ್ದಾನೆ. ನಿಮ್ಮ ಟೀಮಿನ ಮೇಲೆ ಮ್ಯಾಚು. ನಾವು ಗೆದ್ದರೆ ನನ್ನೆದುರಿಗೇ ಅರ್ಜಿ ಮತ್ತೆ ಬರೆದುಕೊಡಬೇಕು. ನೀವು ಗೆದ್ದರೆ ನಾನು, ರಂಜಿತ, ಅತ್ತೆ ಮೂವರೂ ಅಲ್ಲೇ ಉಳಿಯುತ್ತೇವೆ, ಮನೆ ನೋಡಿಡಿ. ಡ್ರಾ ಆದರೆ ಮಾರನೆಯ ದಿನ ಮತ್ತೆ ಆಡಿಸುತ್ತೇನೆ.